ಒಡೆಯನ ವಿಲನ್

ವೆಲ್‌ಹರ್ಸ್ಟ್ ಊರಿನಲ್ಲಿ ವಿಲನ್ ಎಂದರೆ ಕೆಟ್ಟವನು ಎಂಬ ಅರ್ಥ ಆಗ ಇರಲಿಲ್ಲ. ಒಡೆಯನ ಹೊಲಮನೆಗೆ ಸೇರಿದವನು ಎಂದಷ್ಟೇ ಅರ್ಥ. ಲ್ಯಾಟಿನ್ನಿನಲ್ಲಿ ಹೊಲಮನೆಗೆ ಇದ್ದ ಹೆಸರಿನಿಂದ ಹುಟ್ಟಿ, ಫ್ರೆಂಚರ ನಾಲಿಗೆ ಹತ್ತಿ, ಅವರ ಕುದುರೆಗಳ ಜೊತೆ ಸಮುದ್ರ ದಾಟಿ ಬಂದ ಪದ ಅದು. ಮುತ್ತಜ್ಜಂದಿರು ಅದನ್ನು ತಮ್ಮ ಹೆಸರಿನ ಹಿಂದೆ ಸಂಕೋಚವಿಲ್ಲದೆ ಹೇಳಿಕೊಂಡಿದ್ದರು.

ಆಮೇಲೆ ಕಾನೂನು ಬಲ್ಲವರು ಅದನ್ನು ಬಿಗಿ ಮಾಡುತ್ತ ಹೋದರು. ವಾರಕ್ಕೆ ಮೂರು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಾದವನು, ಅಪ್ಪಣೆಯಿಲ್ಲದೆ ಊರು ಬಿಡಲಾರದವನು, ಸತ್ತ ದಿನ ಮನೆಯ ಒಳ್ಳೆಯ ದನವನ್ನು ಒಡೆಯನಿಗೆ ಬಿಟ್ಟುಹೋಗುವವನು ವಿಲನ್ ಎಂದಾಯಿತು. ಅಪ್ಪ ವಿಲನ್ ಆದರೆ ಮಗನೂ ವಿಲನ್. ಇತ್ತೀಚೆಗೆ ದೊಡ್ಡಮನೆಗಳ ಊಟದ ಮೇಜುಗಳಲ್ಲಿ ಪದ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಕೊಳಕ, ಒರಟ, ಮಾತಿಗೆ ತಪ್ಪುವವನು, ಇಂಥವರನ್ನೆಲ್ಲ ಅಲ್ಲಿ ಆ ಹೆಸರಿನಿಂದ ಕರೆದು ನಗುತ್ತಿದ್ದರು. ಎಸೆಕ್ಸ್‌ನ ಈ ನಲವತ್ತು ಮನೆಗಳಿಗೆ ಆ ನಗು ಇನ್ನೂ ತಲುಪಿರಲಿಲ್ಲ.

ಹೇಮೊಗೆ ತಲುಪಿದ್ದು ಹಗ್ಗ. ಅವನು ಮನೆಗಳ ಮಾಡಿಗೆ ಹುಲ್ಲು ಹೊದಿಸುವವನು, ಮೂವತ್ತೊಂದು ವರ್ಷದವನು. ಯಾರಿಗೂ ಹೇಳದೆ ಊರು ಬಿಟ್ಟು, ಹದಿನಾಲ್ಕು ಮೈಲಿ ಆಚೆಯ ಹಳ್ಳಿಯೊಂದರಲ್ಲಿ ನಾಲ್ಕು ವರ್ಷ ಕೂಲಿಗೆ ದುಡಿದಿದ್ದ. 1381ರ ಫೆಬ್ರವರಿಯಲ್ಲಿ ಪಾರುಪತ್ಯಗಾರ ಫುಲ್ಕ್‌ನ ಇಬ್ಬರು ಸವಾರರು ಅಲ್ಲಿಗೆ ಬಂದು ಅವನನ್ನು ಏಣಿಯ ಮೇಲಿಂದ ಎಳೆದು ಕೆಡವಿದರು. ಕೈ ಕಟ್ಟಿ, ಹಗ್ಗದ ತುದಿಯನ್ನು ಜೀನಿಗೆ ಬಿಗಿದು, ಆ ಹದಿನಾಲ್ಕು ಮೈಲಿ ನಡೆಸಿಕೊಂಡು ಬಂದರು. ಬಿದ್ದಾಗ ಕುದುರೆ ನಿಲ್ಲಿಸಲಿಲ್ಲ.

ಊರ ನಡುವಿನ ಮರದ ಕೋಳಕ್ಕೆ ಅವನ ಕಾಲು ತೂರಿಸಿ ಮೂರು ದಿನ ಕೂರಿಸಿದರು. ನೆಲ ಹೆಪ್ಪುಗಟ್ಟಿತ್ತು. ನಾನು ಯಾರಿಗೂ ಸೇರಿದವನಲ್ಲ ಎಂದು ಅವನು ಹೇಳಿದ ಮಾತು ಕಿವಿಗೆ ಬಿದ್ದು ಫುಲ್ಕ್ ತಾನೇ ಇಳಿದು ಬಂದ. ನಲವತ್ತರ ಆಸುಪಾಸಿನ, ಅಚ್ಚುಕಟ್ಟಾದ ಮನುಷ್ಯ. ದನಿ ಎತ್ತುವ ಅಭ್ಯಾಸವಿರಲಿಲ್ಲ. ಕೈಗೋಲಿನ ಹಿತ್ತಾಳೆಯ ಗುಂಡು ಹಿಡಿಯಿಂದ ಬಾಯಿಗೆ ಒಂದು ಏಟು ಹಾಕಿದ. ಎರಡು ಹಲ್ಲು ಹಿಮದ ಮೇಲೆ ಬಿದ್ದವು.

"ನಿಮ್ಮಪ್ಪ ಗಿಲ್ಬರ್ಟ್ ಸಾಯೋವರೆಗೂ ಒಡೆಯರ ವಿಲನ್. ನೀನು ಅವನ ಮಗ. ಅಲ್ಲ ಅಂತೀಯಾದ್ರೆ ಬೇಸಿಗೇಲಿ ರಾಜನ ನ್ಯಾಯಾಧೀಶರು ಬರ್ತಾರೆ, ಅವರ ಮುಂದೆ ಹೇಳು" ಎಂದ. "ಅಲ್ಲೀವರೆಗೆ ಸೋಮವಾರ, ಬುಧವಾರ, ಶುಕ್ರವಾರ ಹೊಲದಲ್ಲಿರಬೇಕು."

ಕೋಳ ಬಿಚ್ಚಿದಾಗ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ದನದ ವೈದ್ಯ ಬಂದು ಉಳಿಯಿಟ್ಟು ಕತ್ತರಿಸಿದ. ಅವ್ವ ಸಬೀನಾ ಬಾತಿನ ಕೊಬ್ಬು ಕಾಯಿಸಿ ಗಾಯಕ್ಕೆ ಹಚ್ಚುತ್ತ, ಮುಖ ಎತ್ತದೆ, ಅವನಿಗೆ ಈವರೆಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದಳು.

ಅದು ದೊಡ್ಡ ಸಾವಿನ ವರ್ಷದ್ದು. ಅವಳಿಗೂ ಗಿಲ್ಬರ್ಟ್‌ಗೂ ಈಸ್ಟರ್ ವಾರದಲ್ಲಿ ಮದುವೆ ಗೊತ್ತಾಗಿತ್ತು. ಮಾರ್ಚ್‌ನಲ್ಲಿ ಪ್ಲೇಗ್ ಊರು ಹೊಕ್ಕಿತು. ಮೊದಲ ಹತ್ತು ಹೆಣಗಳನ್ನು ಮಣ್ಣು ಮಾಡಿದ ಪಾದ್ರಿ ತಾನೇ ಹನ್ನೊಂದನೆಯ ಹೆಣವಾದ. ಏಳೆಂಟು ತಿಂಗಳು ಊರಿಗೆ ಪಾದ್ರಿಯೇ ಇರಲಿಲ್ಲ, ಮದುವೆ ಮಾಡಿಸಲು ಯಾರೂ ಇರಲಿಲ್ಲ. ಹೇಮೊ ಆಗಸ್ಟ್‌ನಲ್ಲಿ ಹುಟ್ಟಿದ. ಹೊಸ ಪಾದ್ರಿ ನವೆಂಬರ್‌ನಲ್ಲಿ ಬಂದ ಮೇಲೆ ಮಗುವನ್ನು ಎತ್ತಿಕೊಂಡೇ ಚರ್ಚಿನ ಬಾಗಿಲಲ್ಲಿ ನಿಂತು ಮದುವೆಯಾದರು. ಊರಲ್ಲಿ ಅರ್ಧ ಜನ ಸತ್ತಿದ್ದರೂ ಒಡೆಯನ ನ್ಯಾಯಸಭೆ ಮಾತ್ರ ಒಂದು ಬಾರಿಯೂ ತಪ್ಪಿರಲಿಲ್ಲ. ಮದುವೆಯಿಲ್ಲದೆ ಹೆತ್ತವಳು ಎಂದು ಅವಳ ಮೇಲೆ ಆರು ಪೆನ್ನಿ ದಂಡ ಹಾಕಿ, ಚರ್ಮದ ಸುರುಳಿಯಲ್ಲಿ ಬರೆದುಕೊಂಡರು. ಬರೆದವನು ಕರಣಿಕ ಯೂಸ್ಟೇಸ್. ಆಗ ಹೊಸದಾಗಿ ಕೆಲಸಕ್ಕೆ ಸೇರಿದವನು, ಈಗಲೂ ಅದೇ ಕುರ್ಚಿಯಲ್ಲಿದ್ದ.

ಅಪ್ಪ ಗಿಲ್ಬರ್ಟ್ ಅಲ್ಲವೇ ಎಂದು ಹೇಮೊ ಕೇಳಿದ.

"ಅವನೇ ಕಣ್ಲಾ. ಅವನ ಮೂಗೇ ನಿಂಗಿರೋದು. ಆದ್ರೆ ಕಾನೂನಿಗೆ ಅವನು ನಿಮ್ಮಪ್ಪ ಅಲ್ಲ" ಎಂದಳು ಸಬೀನಾ.

ಹೇಮೊ ಕೋಳದಲ್ಲಿದ್ದಾಗ ಯೂಸ್ಟೇಸ್ ಅವಳಿಗೆ ಇದನ್ನು ಚರ್ಚಿನ ಗೋಡೆಯ ಮಗ್ಗುಲಲ್ಲಿ ನಿಂತು ಬಿಡಿಸಿ ಹೇಳಿದ್ದ. ಆಮೇಲೆ ಮದುವೆಯಾದರೆ ಮೊದಲು ಹುಟ್ಟಿದ ಮಗುವನ್ನೂ ಚರ್ಚು ಒಪ್ಪಿಕೊಳ್ಳುತ್ತದೆ. ರಾಜನ ಕಾನೂನು ಒಪ್ಪುವುದಿಲ್ಲ. ಮದುವೆಗೆ ಮುಂಚೆ ಹುಟ್ಟಿದವನು ರಾಜನ ನ್ಯಾಯಾಲಯದಲ್ಲಿ ಯಾರ ಮಗನೂ ಅಲ್ಲ. ವಿಲನ್ ಎಂಬುದು ಅಪ್ಪನಿಂದ ಬರುವಂಥದ್ದು. ಅಪ್ಪನೇ ಇಲ್ಲದವನಿಗೆ ಅದು ಎಲ್ಲಿಂದ ಬರಬೇಕು? ಅವನು ಹುಟ್ಟಿದ ಗಳಿಗೆಯಿಂದ ಸ್ವತಂತ್ರ. ಕರೆದರೆ ಆ ವರ್ಷದ ಸುರುಳಿ ತಂದು ನ್ಯಾಯಾಧೀಶರ ಮುಂದೆ ಓದುತ್ತೇನೆ, ಇರುವುದನ್ನು ಇದೆ ಅನ್ನುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಡ ಎಂದಿದ್ದ ಯೂಸ್ಟೇಸ್.

ನೂರು ಜನರ ಮುಂದೆ ಅವ್ವನನ್ನು ಆ ಥರದವಳು ಎಂದು ಓದಿಸುವುದಕ್ಕಿಂತ ಹೊಲದಲ್ಲಿ ಸಾಯುವುದೇ ಮೇಲು ಎಂದ ಹೇಮೊ. ಸಬೀನಾ ಕೊಬ್ಬಿನ ಬಟ್ಟಲನ್ನು ನೆಲಕ್ಕಿಟ್ಟಳು.

"ನನ್ನ ನಾಚಿಕೆ ಮೂವತ್ತು ವರ್ಷದ್ದು, ಒಣಗಿ ಹೋಗೈತೆ. ನಿನ್ನ ಬೆರಳು ಮೊನ್ನೆ ಹೋಗಿದ್ದು" ಎಂದಳು. "ಓದ್ಲಿ ಬಿಡು. ಜೋರಾಗೇ ಓದ್ಲಿ."

ಆ ವಸಂತದಲ್ಲಿ ಹೇಮೊ ಕುಂಟುತ್ತ ಒಡೆಯನ ಹೊಲ ಉತ್ತ. ಬೇಲಿಯಾಚೆಯ ಮನೆಯ ಅವೀಸ್ ಅವನಿಗೆ ಬಾಲ್ಯದಿಂದ ಗೊತ್ತಿದ್ದವಳು. ಕೋಳದಲ್ಲಿದ್ದಾಗ ಬಿಸಿ ಏಲ್ ಮದ್ಯ ತಂದು ಕುಡಿಸಿದವಳೂ ಅವಳೇ. ಇಬ್ಬರೂ ಮದುವೆಯಾಗುವವರು ಎಂಬುದು ಊರಿಗೆಲ್ಲ ಗೊತ್ತಿತ್ತು; ಮೇ ಮುಗಿಯುವ ಹೊತ್ತಿಗೆ ಅವಳು ಬಸುರಿ ಎಂಬುದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ನ್ಯಾಯಾಧೀಶರು ಬರಲಿ, ಸ್ವತಂತ್ರನಾಗಿಯೇ ಮದುವೆಯಾಗುತ್ತೇನೆ, ನಮ್ಮ ಮಗು ಯಾರ ಹಗ್ಗಕ್ಕೂ ಕೈ ಕೊಡಬಾರದು ಎಂದು ಹೇಮೊ ಅವಳಿಗೆ ಮಾತು ಕೊಟ್ಟಿದ್ದ.

ನ್ಯಾಯಾಧೀಶರಿಗಿಂತ ಮುಂಚೆ ಜನ ಬಂದರು. ತಲೆಗಂದಾಯದ ವಸೂಲಿಗೆ ಬಂದವರನ್ನು ಎಲ್ಲೆಲ್ಲಿ ಹೊಡೆದು ಓಡಿಸಿದರು ಎಂಬ ಸುದ್ದಿ ಎಸೆಕ್ಸ್ ತುಂಬ ಹರಿದಾಡುತ್ತಿತ್ತು. ಜೂನ್ ಹನ್ನೊಂದರ ಮಂಗಳವಾರ ಬೆಳಿಗ್ಗೆ ನಾಲ್ಕು ಊರಿನವರು ಸೇರಿ ವೆಲ್‌ಹರ್ಸ್ಟ್‌ನ ದೊಡ್ಡಮನೆಗೆ ನುಗ್ಗಿದರು. ಒಡೆಯ ಮತ್ತು ಫುಲ್ಕ್ ಹಿಂದಿನ ದಿನವೇ ಜಾಗ ಖಾಲಿ ಮಾಡಿದ್ದರು. ಬಾಗಿಲಲ್ಲಿ ನಿಂತ ಸವಾರನೊಬ್ಬನ ಹೊಟ್ಟೆಗೆ ಹುಲ್ಲೆತ್ತುವ ಕವೆಗೋಲು ಇಳಿಯಿತು. ಅವನು ಅದರ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತ.

ಹೇಮೊ ಓಡಿ ಬರುವ ಹೊತ್ತಿಗೆ ಅಂಗಳದಲ್ಲಿ ಬೆಂಕಿ ಹೊತ್ತಿತ್ತು. ಮುಂದೆ ನಿಂತವನು ಥರ್ಸ್ಟನ್, ಅವೀಸ್‌ಳ ಅಣ್ಣ, ಕಾಳು ಬಡಿಯುವ ಆಳು, ಊರಲ್ಲೇ ದೊಡ್ಡ ಮೈಯವನು. ಅವನ ಕೈಯಲ್ಲಿ ಬೇಲಿ ಸವರುವ ಮಚ್ಚು. ನ್ಯಾಯಸಭೆಯ ಪೆಟ್ಟಿಗೆಗಳನ್ನು ಕೊಡಲಿಯಿಂದ ಒಡೆದು ಸುರುಳಿಗಳನ್ನು ರಾಶಿ ಹಾಕಿದ್ದರು. ಯೂಸ್ಟೇಸ್‌ನನ್ನು ಮೇಜಿನ ಕೆಳಗಿಂದ ಎಳೆದು ತಂದು, ರಾಶಿಯ ಪಕ್ಕ ಮಂಡಿಯೂರಿಸಿ, ಒಂದೊಂದು ಸುರುಳಿಯನ್ನೂ ಓದಿಸಿ ಆಮೇಲೆ ಬೆಂಕಿಗೆ ಹಾಕುತ್ತಿದ್ದರು. ಅವನ ಒಂದು ಕಿವಿ ಆಗಲೇ ಇರಲಿಲ್ಲ. ಕುರಿಯ ಚರ್ಮ ಸುಟ್ಟು ಅಂಗಳದಲ್ಲೆಲ್ಲ ಮಾಂಸದ ವಾಸನೆ ಎದ್ದಿತ್ತು. ನಮ್ಮಜ್ಜನ ಹೆಸರಿಗೆ ಚೂರು ಉಪ್ಪು ಹಾಕ್ರಪ್ಪ ಎಂದು ಯಾರೋ ಅಂದರು, ಜನ ನಕ್ಕರು.

ಹೇಮೊ ನುಗ್ಗಿ ಯೂಸ್ಟೇಸ್‌ನ ಮುಂದೆ ನಿಂತ. ಒಂದು ಹಾಳೆ ಬೇಕು, ಅದನ್ನು ಹುಡುಕಿ ಕೊಡುವವರೆಗೆ ಇವನನ್ನು ಮುಟ್ಟಬೇಡಿ ಎಂದ. ಯಾವ ಹಾಳೆ, ಯಾಕೆ ಎಂದು ನಾಲ್ಕು ಕಡೆಯಿಂದ ಕೇಳಿದರು. ಜನ ಸುಡಲು ಬಂದದ್ದನ್ನು ಉಳಿಸಲು ಬಂದವನು ಫುಲ್ಕ್‌ನ ಕಡೆಯವನೇ ಇರಬೇಕು ಎಂದು ಪಕ್ಕದ ಊರಿನವನೊಬ್ಬ ಬೆನ್ನಿಗೆ ದೊಣ್ಣೆಯಿಂದ ಹೊಡೆದ.

"ಎಲ್ಲಾ ಸುಟ್ರೆ ಎಲ್ರಿಗೂ ಬಿಡುಗಡೆ" ಎಂದ ಥರ್ಸ್ಟನ್. "ನಿಂಗೊಬ್ಬನಿಗೆ ಬೇರೆ ಬಿಡುಗಡೆ ಬೇಕೇನ್ಲಾ ಭಾವ?"

"ನಮ್ಮವ್ವಂದು ಐತೆ ಅದ್ರಾಗೆ. ಅದೊಂದು ಕೊಟ್ಬಿಡು, ಮಿಕ್ಕಿದ್ದು ನಾನೇ ಬೆಂಕಿಗೆ ಹಾಕ್ತೀನಿ."

ಥರ್ಸ್ಟನ್ ಮಚ್ಚು ಕೆಳಗಿಳಿಸಿದ. ಅವ್ವಂದಿರ ವಿಷಯ ಎಂದರೆ ಅವನಿಗೂ ಅಷ್ಟು ಗೌರವವಿತ್ತು. ಬೇಗ ಮುಗಿಸು ಎಂದ.

ಯೂಸ್ಟೇಸ್ ಮಂಡಿಯ ಮೇಲೆ ತೆವಳಿ ರಾಶಿಯಲ್ಲಿ ಕೈಯಾಡಿಸಿದ. ಕಿವಿಯಿದ್ದ ಜಾಗದಿಂದ ರಕ್ತ ಇಳಿದು ಅಕ್ಷರಗಳ ಮೇಲೆ ಬೀಳುತ್ತಿತ್ತು. ಅದು ಬೀಳದಂತೆ ಅವನು ತಲೆಯನ್ನು ಓರೆ ಮಾಡಿಕೊಂಡ. ಪ್ರತಿ ಸುರುಳಿಯ ಬೆನ್ನಿನ ಮೇಲಿನ ವರ್ಷ ನೋಡಿ, ಬೇಡದ್ದನ್ನು ಪಕ್ಕಕ್ಕೆ ಒಪ್ಪವಾಗಿ ಇಟ್ಟ. ಒಂದನ್ನು ಬಿಚ್ಚಿ, ಹೊಲಿಗೆಯನ್ನು ಹಲ್ಲಿನಿಂದ ಕಡಿದು, ನಡುವಿನ ಹಾಳೆಯೊಂದನ್ನು ಎಳೆದು ಹೇಮೊನ ಕೈಗಿಟ್ಟ.

"ಇದು. ಮೇಲಿನಿಂದ ಮೂರನೇ ಸಾಲು" ಎಂದ.

ಹೇಮೊ ಅದನ್ನು ಮಡಿಸಿ ಅಂಗಿಯೊಳಗೆ ತುರುಕಿಕೊಂಡ. ಎದ್ದು ನಿಂತಾಗ ಥರ್ಸ್ಟನ್ ಅವನ ಮುಖವನ್ನೇ ನೋಡುತ್ತಿದ್ದ.

"ಆಯ್ತಾ?" ಎಂದು ಕೇಳಿದ.

ಹೇಮೊಗೆ ಆ ಪ್ರಶ್ನೆಯ ಪೂರ್ತಿ ಅರ್ಥ ಗೊತ್ತಿತ್ತು. ಇನ್ನೊಂದು ಹಾಳೆ ಬೇಕು, ನಾಳೆಯೂ ಇವನು ಬೇಕು, ಇವನು ನಮ್ಮವನೇ ಎಂದು ಏನನ್ನಾದರೂ ಹೇಳಬಹುದಿತ್ತು. ಸುತ್ತ ಇನ್ನೂರು ಜನರಿದ್ದರು, ಹಾಳೆ ಎದೆಗೆ ಒತ್ತುತ್ತಿತ್ತು.

"ಆಯ್ತು" ಎಂದು ಪಕ್ಕಕ್ಕೆ ಸರಿದ.

ಬಡಗಿ ಹರ್ವಿ ಯೂಸ್ಟೇಸ್‌ನ ಕಾಲು ಹಿಡಿದುಕೊಂಡ. ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಕುತ್ತಿಗೆಗೆ. ಥರ್ಸ್ಟನ್‌ಗೆ ಬೇಲಿ ಕಡಿದು ಗೊತ್ತಿತ್ತು, ಮನುಷ್ಯರನ್ನಲ್ಲ. ಮುಗಿಯಲು ಆರೇಳು ಏಟು ಹಿಡಿಯಿತು. ತಲೆಯನ್ನು ದೊಡ್ಡಮನೆಯ ಗೇಟಿನ ಗೂಟಕ್ಕೆ ಸಿಕ್ಕಿಸಿ, ಬಾಯಿಗೆ ಅವನದೇ ಗರಿಯ ಲೇಖನಿ ಇಟ್ಟರು.

ಹೇಮೊಗೆ ಓದು ಬರುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅವನನ್ನು ಕಾಡಿದ ಮೊದಲ ಅನುಮಾನ ಅದೇ: ಸಾಯುವ ಭಯದಲ್ಲಿ ಯೂಸ್ಟೇಸ್ ಕೈಗೆ ಸಿಕ್ಕ ಯಾವುದೋ ಹಾಳೆಯನ್ನು ಕೊಟ್ಟಿರಬಹುದು. ಮರುದಿನ ಪಾದ್ರಿಯ ಬಳಿಗೆ ಹೋದ. ಪಾದ್ರಿ ಮುದುಕ, ಹಾಳೆಯ ಅಂಚಿನ ರಕ್ತ ನೋಡಿ, ಏನನ್ನೂ ಕೇಳದೆ ಓದಿದ. ಆಲ್ವಿನ್‌ನ ಮಗಳು ಸಬೀನಾ ಮದುವೆಯಿಲ್ಲದೆ ಗಂಡು ಮಗುವನ್ನು ಹೆತ್ತದ್ದಕ್ಕೆ ಆರು ಪೆನ್ನಿ. ಮೂರನೇ ಸಾಲು. ಕರಣಿಕ ಕೊನೆಯವರೆಗೂ ಲೆಕ್ಕ ತಪ್ಪಿರಲಿಲ್ಲ. ಹೇಮೊ ದೊಡ್ಡಮನೆಯ ಗೇಟು ತಪ್ಪಿಸಿ ಸುತ್ತುದಾರಿಯಲ್ಲಿ ಮನೆಗೆ ಹೋದ.

ಮೂರು ವಾರ ಎಲ್ಲರೂ ಸ್ವತಂತ್ರರಾಗಿದ್ದರು. ಇನ್ನು ಯಾರೂ ವಿಲನ್ ಅಲ್ಲ ಎಂಬ ರಾಜಮುದ್ರೆಯ ಪತ್ರ ಪಕ್ಕದ ಊರಿಗೆ ಬಂದಿತ್ತು. ಸೋಮವಾರ ಯಾರೂ ಒಡೆಯನ ಹೊಲಕ್ಕೆ ಹೋಗಲಿಲ್ಲ. ಸಬೀನಾ ಹಾಳೆಯನ್ನು ಹಾಸಿಗೆಯೊಳಗೆ ಹೊಲಿದಳು. ಇನ್ನು ಅದರ ಅಗತ್ಯವೇ ಬೀಳದೇನೋ ಎಂದು ಹೇಮೊ ಅಂದುಕೊಂಡ. ಮದುವೆಗೆ ಮುಂಚೆ ಮೂರು ಸಲ ಓದಬೇಕಾದ ಪ್ರಕಟಣೆಯನ್ನು ಅವನಿಗೂ ಅವೀಸ್‌ಗೂ ಪಾದ್ರಿ ಎರಡು ಭಾನುವಾರ ಚರ್ಚಿನಲ್ಲಿ ಓದಿದ. ಮೂರನೆಯದು ಓದಿದ ದಿನವೇ ಮದುವೆ ಎಂದಾಯಿತು.

ಜುಲೈ ಎರಡರಂದು ರಾಜ ಆ ಪತ್ರಗಳನ್ನೆಲ್ಲ ಹಿಂತೆಗೆದುಕೊಂಡ. ಸೈನ್ಯದ ಹಿಂದೆಯೇ ನ್ಯಾಯಾಧೀಶರು ಬಂದರು. ಚೆಲ್ಮ್ಸ್‌ಫರ್ಡ್ ದಾರಿಯ ಓಕ್ ಮರಗಳಲ್ಲಿ ನಾಲ್ಕೈದು ಹೆಣಗಳು ಒಟ್ಟಿಗೆ ತೂಗುತ್ತಿದ್ದವು. ಹಗ್ಗ ಸಾಲದೆ ಕೆಲವರನ್ನು ಸರಪಳಿಯಲ್ಲಿ ಏರಿಸಿದ್ದರು. ಸೈನಿಕರು ಮನೆಯ ಬಾಗಿಲು ಒದೆಯುವಾಗ ಕೂಗುತ್ತಿದ್ದುದು ಒಂದೇ ಪದ. ವಿಲನ್‌ಗಳೇ ಹೊರಗೆ ಬನ್ನಿ ಎಂದು. ಹೊಲಮನೆಗೆ ಸೇರಿದವನು ಎಂಬ ಅರ್ಥ ಅದರಲ್ಲಿ ಉಳಿದಿರಲಿಲ್ಲ. ಬೆಂಕಿಯಿಟ್ಟವನು, ಕೊಲೆಗಡುಕ, ನಾಯಿ, ಇವೆಲ್ಲ ಸೇರಿ ಆ ಮೂರಕ್ಷರದೊಳಗೆ ಕೂತಿದ್ದವು.

ಹೇಮೊ, ಥರ್ಸ್ಟನ್, ಹರ್ವಿ ಮತ್ತು ಇನ್ನೂ ನಾಲ್ವರನ್ನು ಕಟ್ಟಿಹಾಕಿ ದೊಡ್ಡಮನೆಯ ಮಸಿ ಹಿಡಿದ ಕೋಣೆಗೆ ತಳ್ಳಿದರು. ಎರಡು ದಿನ ನೀರು ಕೊಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಸೈನ್ಯದ ಜೊತೆ ಮರಳಿ ಬಂದಿದ್ದ ಫುಲ್ಕ್ ಒಬ್ಬೊಬ್ಬರನ್ನೇ ಕರೆಸಿದ. ಹೇಮೊನ ಸರದಿ ಬಂದಾಗ ಮೇಜಿನ ಮೇಲೆ ರೊಟ್ಟಿ, ಗಿಣ್ಣು ಇದ್ದವು. ಫುಲ್ಕ್ ತಿನ್ನುತ್ತಲೇ ಮಾತಾಡಿದ.

ಒಂದು ಹಾಳೆ ಬೆಂಕಿಗೆ ಬಿದ್ದಿಲ್ಲ, ಯಾರ ಬಳಿ ಇದೆ ಎಂದೂ ಗೊತ್ತು, ಅದರಲ್ಲಿ ಏನಿದೆ ಎಂದೂ ಗೊತ್ತು ಎಂದ. ನ್ಯಾಯಾಧೀಶರ ಮುಂದೆ ಅದನ್ನು ತೋರಿಸಬಹುದು, ತಾನು ತಡೆಯುವುದಿಲ್ಲ ಎಂದ.

"ತೋರಿಸಿದ್ರೆ ನೀನು ಸ್ವತಂತ್ರ. ಕಾನೂನು ಸ್ಪಷ್ಟವಾಗಿದೆ. ಅದರ ಮೇಲೆ ಯೂಸ್ಟೇಸ್‌ನ ರಕ್ತ ಇದೆಯಲ್ಲ, ಅದೂ ಸ್ಪಷ್ಟವಾಗಿದೆ." ಚಾಕು ಒರೆಸಿಕೊಂಡ. "ಸ್ವತಂತ್ರನನ್ನ ನೇಣಿಗೆ ಹಾಕೋಕೆ ಅವರಿಗೆ ನಮ್ಮ ಅಪ್ಪಣೆ ಬೇಕಿಲ್ಲಪ್ಪ. ವಿಲನ್ ಆದ್ರೆ ಒಡೆಯರ ಆಸ್ತಿ. ಒಡೆಯರು ಕೇಳಿಕೊಂಡ್ರೆ ಬಿಡ್ತಾರೆ."

ಫುಲ್ಕ್ ಇನ್ನೊಂದು ರೊಟ್ಟಿ ಮುರಿದ.

"ಆಗಸ್ಟ್‌ನಲ್ಲಿ ಕೊಯ್ಲು. ಮರದಲ್ಲಿ ತೂಗೋನು ಕುಡುಗೋಲು ಹಿಡಿಯಲ್ಲ. ನಂಗೆ ಬೇಕಾಗಿರೋದು ಆರು ಜೊತೆ ಕೈ, ಅಷ್ಟೇ."

ರಾಜನ ನ್ಯಾಯಾಲಯದ ದಾಖಲೆಯಲ್ಲಿ ತಾನು ವಿಲನ್ ಎಂದು ತನ್ನ ಬಾಯಿಂದಲೇ ಒಪ್ಪಿಕೊಂಡವನು ಮತ್ತೆಂದೂ ಅದನ್ನು ಅಲ್ಲಗಳೆಯುವಂತಿಲ್ಲ. ಅವನು ಮಾತ್ರವಲ್ಲ, ಮದುವೆಯಲ್ಲಿ ಅವನಿಗೆ ಹುಟ್ಟುವ ಮಕ್ಕಳು, ಅವರ ಮಕ್ಕಳು ಕೂಡ. ಫುಲ್ಕ್ ಇದನ್ನೂ ಬಿಡಿಸಿ ಹೇಳಿದ. ಅವನು ಮೋಸ ಮಾಡುವವನಲ್ಲ.

ನ್ಯಾಯಾಲಯದಲ್ಲಿ ಐವರು ಒಬ್ಬರ ಹಿಂದೆ ಒಬ್ಬರು ಒಪ್ಪಿಕೊಂಡರು. ಥರ್ಸ್ಟನ್ ಹೇಳಿದ್ದು ಗುಮಾಸ್ತನಿಗೆ ಕೇಳಿಸದೆ ಎರಡು ಸಲ ಹೇಳಬೇಕಾಯಿತು. ಹೇಮೊನ ಸರದಿ ಬಂತು. ಜನರ ಗುಂಪಿನಲ್ಲಿ ಸಬೀನಾ ನಿಂತಿದ್ದಳು. ಹಾಳೆ ಅವಳ ಎದೆಯ ಬಟ್ಟೆಯೊಳಗಿದೆ ಎಂಬುದು ಅವನಿಗೆ ಅವಳು ಕೈ ಇಟ್ಟುಕೊಂಡ ಬಗೆಯಲ್ಲೇ ತಿಳಿಯಿತು. ಅವನು ಕಣ್ಣು ಸನ್ನೆ ಮಾಡಿದರೆ ಅವಳು ಅದನ್ನು ಎತ್ತಿ ಹಿಡಿಯುತ್ತಿದ್ದಳು. ಅವನು ಸನ್ನೆ ಮಾಡಲಿಲ್ಲ.

"ನಾನು ಒಡೆಯರ ವಿಲನ್" ಎಂದ.

ಗುಮಾಸ್ತ ಬರೆದುಕೊಂಡ. ಲೇಖನಿ ಮಸಿಯಲ್ಲಿ ಅದ್ದಿದ ಸದ್ದು ಕೂಡ ಕೇಳಿಸಿತು.

ಬಡಗಿ ಹರ್ವಿ ಸ್ವತಂತ್ರ ಕುಟುಂಬದವನು. ನಾಲ್ಕು ತಲೆಮಾರಿನಿಂದ ಯಾರಿಗೂ ಬಿಟ್ಟಿ ದುಡಿದವರಲ್ಲ. ಅವನ ಪರವಾಗಿ ಮಾತಾಡಲು ಯಾವ ಒಡೆಯನೂ ಇರಲಿಲ್ಲ. ಅಂದೇ ಸಂಜೆಯೊಳಗೆ ಅವನನ್ನು ಕುದುರೆಗೆ ಕಟ್ಟಿ ಎಳೆದು, ಓಕ್ ಮರಕ್ಕೆ ಏರಿಸಿ, ಜೀವವಿರುವಾಗಲೇ ಇಳಿಸಿ ಹೊಟ್ಟೆ ಸೀಳಿದರು. ಉಳಿದ ಆರು ಜನರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ ನೋಡಿಸಿದರು. ಹರ್ವಿ ತನ್ನ ಹೆಂಡತಿಯ ಹೆಸರು ಕರೆಯುತ್ತಿದ್ದ. ಹೆಸರು ಅರ್ಧಕ್ಕೆ ನಿಂತಿತು.

ಮನೆಗೆ ಬಂದ ಮೇಲೆ ಸಬೀನಾ ಹಾಳೆಯನ್ನು ಒಲೆಗೆ ಹಾಕಿದಳು. ಅದು ಸುಟ್ಟು ಮುಗಿಯುವವರೆಗೆ ಇಬ್ಬರೂ ಅದರ ಮುಂದೆ ಕೂತಿದ್ದರು. ಬದುಕಿದ್ದೀಯಲ್ಲ, ಅಷ್ಟು ಸಾಕು ಎಂದಳು. ಅವನಿಗೆ ಅಷ್ಟು ಸಾಕಾಗಿರಲಿಲ್ಲ. ಬರುವ ಭಾನುವಾರ ಮದುವೆ. ಡಿಸೆಂಬರ್‌ನಲ್ಲಿ ಮಗು. ಆ ಮಗುವಿನ ಕೈಗೆ ಕಟ್ಟಬೇಕಾದ ಹಗ್ಗವನ್ನು ಅವನೇ ನೂರು ಜನರ ಮುಂದೆ ಹೊಸೆದು ಬಂದಿದ್ದ.

ಶುಕ್ರವಾರ ಮಧ್ಯಾಹ್ನ ಹೊಲದ ಬದುವಿನಲ್ಲಿ ಅವೀಸ್ ಅವನಿಗೆ ರೊಟ್ಟಿ, ಬಟಾಣಿ ಗಂಜಿ ತಂದಳು. ಅವನು ಕ್ಷಮೆ ಕೇಳಲು ಬಾಯಿ ತೆರೆದ. ಅವಳು ತಡೆದಳು. ಎರಡು ದಿನದಿಂದ ಅವಳು ಒಂದೇ ವಿಷಯ ಯೋಚಿಸುತ್ತಿದ್ದಳು, ಮುಖದಲ್ಲಿ ನಿದ್ದೆಯಿರಲಿಲ್ಲ.

"ಮದುವೆ ಆದ್ರೆ ತಾನೇ ಮಗು ನಿಂದು?" ಎಂದಳು.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ.

"ನಿಮ್ಮವ್ವ ಗೊತ್ತಿಲ್ದೆ ಮಾಡಿದ್ದು. ನಾವು ಗೊತ್ತಿದ್ದು ಮಾಡೋಣ."

ಅವಳು ಬಿಡಿಸಿ ಹೇಳಿದಳು. ಮದುವೆಯಿಲ್ಲದೆ ಹೆತ್ತರೆ ಮಗು ಯಾರ ಮಗುವೂ ಅಲ್ಲ; ಹೇಮೊ ನ್ಯಾಯಾಲಯದಲ್ಲಿ ಹೇಳಿದ ಮಾತು ಅದಕ್ಕೆ ಅಂಟುವುದಿಲ್ಲ. ದಂಡ ಹಾಕುತ್ತಾರೆ, ಹಾಕಲಿ. ಹೊಸ ಸುರುಳಿಯಲ್ಲಿ ಬರೆದುಕೊಳ್ಳುತ್ತಾರೆ, ಬರೆದುಕೊಳ್ಳಲಿ. ಆದರೆ ಇದು ಬೇಕೆಂದೇ ಮಾಡಿದ್ದು ಎಂದು ಫುಲ್ಕ್‌ಗೆ ಸುಳಿವು ಸಿಕ್ಕರೆ, ಒಡೆಯನ ಅಪ್ಪಣೆ ಎಂದು ಇಬ್ಬರನ್ನೂ ಎಳೆದು ತಂದು ಮದುವೆ ಮಾಡಿಸುತ್ತಾನೆ. ಆದ್ದರಿಂದ ಅವನು ಅವಳನ್ನು ಕೈಬಿಟ್ಟಂತೆ ಕಾಣಬೇಕು, ಎಲ್ಲರ ಮುಂದೆ. ಮುಂದೆಯೂ ಒಂದೇ ಸೂರಿನ ಕೆಳಗೆ ಇರುವಂತಿಲ್ಲ, ಬೀದಿಯಲ್ಲಿ ಮಾತಾಡುವಂತಿಲ್ಲ.

ಥರ್ಸ್ಟನ್‌ಗೆ ಹೇಳಬೇಡವೇ ಎಂದು ಹೇಮೊ ಕೇಳಿದ.

"ಅಣ್ಣಂಗೆ ಎರಡು ಲೋಟ ಏಲ್ ಇಳಿದ್ರೆ ಹೊಟ್ಟೇಲಿರೋದೆಲ್ಲ ಬೀದೀಲಿರ್ತದೆ" ಎಂದಳು. ಗಂಜಿಯ ಬಟ್ಟಲನ್ನು ಅವನ ಮುಂದೆ ಸರಿಸಿ, "ಅವನು ಹೊಡೀತಾನೆ. ಜೋರಾಗೇ ಹೊಡೀತಾನೆ. ತಡ್ಕೋತೀಯಾ?" ಎಂದು ಕೇಳಿದಳು.

ಜುಲೈ ಹದಿನಾಲ್ಕರ ಭಾನುವಾರ ಊರೆಲ್ಲ ಚರ್ಚಿನ ಮುಂದೆ ನೆರೆದಿತ್ತು. ನೇಣುಗಳ ನಡುವೆ ಒಂದು ಮದುವೆ ಸಿಕ್ಕಿತಲ್ಲ ಎಂದು ಹೆಂಗಸರು ಅವೀಸ್‌ಳ ತಲೆಗೆ ಹೂ ಮುಡಿಸಿದ್ದರು. ಫುಲ್ಕ್ ಕುದುರೆಯ ಮೇಲೆ ಗೇಟಿನ ಬಳಿ ನಿಂತಿದ್ದ. ಪಾದ್ರಿ ಮೂರನೆಯ ಪ್ರಕಟಣೆ ಓದಿ, ಇಬ್ಬರನ್ನೂ ಬಾಗಿಲ ಮೆಟ್ಟಿಲಿಗೆ ಕರೆದ. ಹೇಮೊ ಮುಂದೆ ಬರಲಿಲ್ಲ.

"ನಂಗೆ ಈ ಮದುವೆ ಬೇಡ" ಎಂದ. ಎಲ್ಲರಿಗೂ ಕೇಳುವಂತೆ ಎರಡನೇ ಸಲ ಹೇಳಿದ. ಯಾಕೆ ಎಂದು ಪಾದ್ರಿ ಕೇಳಿದಾಗ, ಅವಳ ಹೊಟ್ಟೆಯಲ್ಲಿರುವುದು ಯಾರದೋ ನನಗೇನು ಗೊತ್ತು ಎಂದ. ಅವರಿಬ್ಬರೂ ಗೊತ್ತು ಮಾಡಿಕೊಂಡಿದ್ದ ಮಾತು ಅದು. ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಅದು ಬೇರೆ ಯಾರದೋ ದನಿಯಂತೆ ಕೇಳಿಸಿತು. ಪಾದ್ರಿ ಅವನನ್ನು ಬಹಳ ಹೊತ್ತು ನೋಡಿದ. ಆಮೇಲೆ ಪುಸ್ತಕ ಮುಚ್ಚಿ ಒಳಗೆ ಹೋದ.

ಮೊದಲ ಕಲ್ಲು ಅವೀಸ್‌ಳದು. ಹುಬ್ಬಿನ ಮೇಲೆ ಬಿದ್ದು ರಕ್ತ ಕಣ್ಣಿಗಿಳಿಯಿತು. ಅವಳು ಹೂವನ್ನು ಕಿತ್ತು ಅವನ ಮುಖಕ್ಕೆಸೆದು ಉಗಿದಳು.

ಥರ್ಸ್ಟನ್ ಬಂದ ವೇಗಕ್ಕೆ ಇಬ್ಬರೂ ಸಮಾಧಿಕಲ್ಲುಗಳ ನಡುವೆ ಉರುಳಿದರು. ಮೊದಲು ಮುಷ್ಟಿಯಿಂದ, ಆಮೇಲೆ ಯಾರೋ ಕೊಟ್ಟ ದೊಣ್ಣೆಯಿಂದ ಹೊಡೆದ. ಮೂಗಿನ ಮೂಳೆ ಮುರಿದದ್ದು ಹೇಮೊಗೆ ಒಳಗಿನಿಂದ ಕೇಳಿಸಿತು. ಕೈ ಎತ್ತಲಿಲ್ಲ. ಎತ್ತದ್ದು ಥರ್ಸ್ಟನ್‌ನ ಕೋಪವನ್ನು ಇನ್ನೂ ಹೆಚ್ಚಿಸಿತು. ಅವನು ಅಳುತ್ತಲೇ ಹೊಡೆಯುತ್ತಿದ್ದ.

"ವಿಲನ್. ಥೂ, ವಿಲನ್" ಎಂದ.

ಅದನ್ನು ಹೇಳಿದವನೂ ವಿಲನ್, ನಾಲ್ಕು ದಿನದ ಹಿಂದೆ ತಾನೇ ನ್ಯಾಯಾಲಯದಲ್ಲಿ ಒಪ್ಪಿಕೊಂಡವನು. ಸುತ್ತ ನಿಂತವರಲ್ಲಿ ಹೆಚ್ಚಿನವರೂ ವಿಲನ್‌ಗಳೇ. ಆದರೆ ಬೈಗುಳ ಯಾರಿಗೂ ವಿಚಿತ್ರವೆನಿಸಲಿಲ್ಲ. ಹೆಂಗಸೊಬ್ಬಳು ಅದನ್ನೇ ಹಿಡಿದು ಕೂಗಿದಳು, ಇನ್ನೊಬ್ಬಳು ಸೇರಿದಳು. ಕೆಟ್ಟವನು ಎಂಬುದಕ್ಕೆ ಬೇರೆ ಪದ ಬೇಕು ಎಂದು ಅಂದಿನಿಂದ ಆ ಊರಿಗೆ ಅನಿಸಲಿಲ್ಲ.

ಫುಲ್ಕ್ ಕುದುರೆಯನ್ನು ಎರಡು ಹೆಜ್ಜೆ ಮುಂದೆ ತಂದ.

"ಕೈ ಮುರೀಬೇಡ" ಎಂದ. "ಕೊಯ್ಲಿದೆ."

ಥರ್ಸ್ಟನ್ ಒಂದು ಕ್ಷಣ ನಿಂತ. ಆಮೇಲೆ ದೊಣ್ಣೆಯನ್ನು ಪಕ್ಕೆಲುಬಿನ ಕಡೆಗೆ ತಿರುಗಿಸಿದ. ಫುಲ್ಕ್ ಕುದುರೆ ತಿರುಗಿಸಿ ಊಟಕ್ಕೆ ಹೋದ. ಹೆಣ್ಣನ್ನು ಕೆಡಿಸಿ ಕೈಬಿಟ್ಟ ಇನ್ನೊಬ್ಬ ಹಳ್ಳಿಗ. ಅದರಲ್ಲಿ ಯೋಚಿಸುವಂಥದ್ದೇನೂ ಅವನಿಗೆ ಕಾಣಲಿಲ್ಲ.

ಹೇಮೊ ಹುಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದ. ತೆರೆಯಲು ಬರುತ್ತಿದ್ದ ಒಂದು ಕಣ್ಣಿನಿಂದ, ಜನರ ಕಾಲುಗಳ ನಡುವೆ ಅವೀಸ್ ಗೇಟು ದಾಟುವುದು ಕಾಣಿಸಿತು. ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದಿದ್ದಳು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಹಿಂದೆ ಇನ್ನೊಂದು ಏಟು ಬಿದ್ದ ಸದ್ದು ಅವಳಿಗೂ ಕೇಳಿಸಿರಬೇಕು. ಹೆಜ್ಜೆ ಒಮ್ಮೆ ತಡವರಿಸಿತು. ತಿರುಗಿ ನೋಡಲಿಲ್ಲ. ನೋಡಬಾರದು ಎಂದು ಅವರಿಬ್ಬರೂ ಮಾತಾಡಿಕೊಂಡಿದ್ದರು.